ಎರಡು ಮಾರು ದೂರದ ಹಾಡು

ಸಂಗೀತವನ್ನು ಕುರಿತ ಮಾತು ಸಾಮಾನ್ಯವಾಗಿ ಹಾಡಿದವರು ಯಾರು, ಹಾಡಿದ್ದೇನು ಎಂಬೆರಡು ಪ್ರಶ್ನೆಗಳ ಸುತ್ತಲೇ ಸುಳಿಯುತ್ತದೆ. ಎಲ್ಲಿ ಹಾಡಿದರು, ಕೇಳುಗರು ಎಷ್ಟು ದೂರದಲ್ಲಿ ಕುಳಿತಿದ್ದರು, ಅವರ ಮಗ್ಗುಲಲ್ಲಿ ಎಷ್ಟು ಜನರಿದ್ದರು ಎಂಬುದೆಲ್ಲ ವ್ಯವಸ್ಥಾಪಕರ ತಲೆನೋವೆಂದು ಬದಿಗೆ ಸರಿಯುತ್ತದೆ. ಧ್ವನಿವಿಜ್ಞಾನ ಇದನ್ನು ಒಪ್ಪುವುದಿಲ್ಲ. ಕಂಠದಿಂದ ಹೊರಟ ದನಿ ಕಿವಿ ಮುಟ್ಟುವಷ್ಟರಲ್ಲಿ ಗೋಡೆ, ಚಾವಣಿ, ಜನರ ಮೈಮೇಲಿನ ಬಟ್ಟೆ, ಇರುಳಿನ ಗಾಳಿ ಎಲ್ಲವೂ ಅದರ ಮೇಲೆ ಕೈಯಾಡಿಸಿರುತ್ತವೆ. ಸಣ್ಣ ಜಾಗದಲ್ಲಿ ನಡೆಯುವ ಹಾಡು ದೊಡ್ಡ ಜಾಗದ ಹಾಡಿನ ಚಿಕ್ಕ ಪ್ರತಿಯಲ್ಲ, ಅದು ಬೇರೆಯೇ ಆದ ಭೌತಿಕ ಘಟನೆ ಎಂಬುದನ್ನು ಈ ಅಧ್ಯಾಯ ಪರಿಶೀಲಿಸುತ್ತದೆ.

ಮಲಪ್ರಭೆಯ ದಂಡೆಯಲ್ಲಿರುವ ರೋಣ ತಾಲ್ಲೂಕಿನ ಹೊಳೆಮಣ್ಣೂರ ಮತ್ತು ಅದರ ಸುತ್ತಿನ ಎರೆನೆಲದ ಊರುಗಳಲ್ಲಿ ಹಾಡಿಗೆ ಮೊದಲಿನಿಂದಲೂ ಎರಡು ಬಗೆಯ ನೆಲೆಗಳಿವೆ. ಒಂದು ಗುಡಿಯ ಪಡಸಾಲೆ. ಅಲ್ಲಿ ಜಮಖಾನೆ ಹಾಸಿ, ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳಗಳೊಂದಿಗೆ ಭಜನಾ ಮೇಳದವರು ತತ್ವಪದ ಹಾಡುತ್ತಾರೆ, ಕೇಳಲು ಬಂದವರೂ ಪಲ್ಲವಿಗೆ ದನಿಗೂಡಿಸುತ್ತಾರೆ. ಇನ್ನೊಂದು ಬಯಲು; ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ಬೆಳತನಕ ಆಡುವ ದೊಡ್ಡಾಟ, ಸಣ್ಣಾಟಗಳ ಜಾಗ ಅದು. ಭೂಗೋಳದ ಇನ್ನೊಂದು ಬದಿಯಲ್ಲಿ ಇವೆರಡರ ಪೈಕಿ ಮೊದಲಿನದನ್ನೇ ತನ್ನ ಸಿದ್ಧಾಂತವಾಗಿಸಿಕೊಂಡ ಒಂದು ಸಂಗೀತ ಹುಟ್ಟಿತು. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ತಲೆಯೆತ್ತಿದ ಪಂಕ್ ಎಂಬ ಈ ಬಗೆಯಲ್ಲಿ ಹಾಡುಗಳು ಚುಟುಕು, ಲಯ ಬಿರುಸು, ಗಿಟಾರಿನ ಸ್ವರಸಂಯೋಜನೆ ಮೂರು ನಾಲ್ಕು ಪಟ್ಟುಗಳಲ್ಲಿ ಮುಗಿಯುವಷ್ಟು ಸರಳ. ವರ್ಷಗಟ್ಟಲೆ ಸಾಧನೆ ಮಾಡದವನೂ ವಾದ್ಯ ಹಿಡಿಯಬಹುದು, ವೇದಿಕೆಯ ಮೇಲಿನವನಿಗೂ ಕೆಳಗಿನವನಿಗೂ ಅಂತರ ಇರಕೂಡದು ಎಂಬುದು ಅದರ ನಿಲುವು. ತತ್ವಪದಕ್ಕೂ ಪಂಕಿಗೂ ವಸ್ತುವಿನಲ್ಲಿ ಯಾವ ನಂಟೂ ಇಲ್ಲ. ಆದರೆ ಕೈಗೆ ಸಿಕ್ಕ ತಾಳವನ್ನು ಯಾರೂ ಬಾರಿಸಬಹುದಾದ ಭಜನೆಯ ಪಡಸಾಲೆ ಮತ್ತು ಪಂಕಿನ ನೆಲಮಾಳಿಗೆ, ಇವೆರಡರ ಭೌತವಿಜ್ಞಾನ ಒಂದೇ.

ಪಂಕ್ ಬೆಳೆದ ಜಾಗಗಳ ಅಳತೆಯನ್ನು ಮೊದಲು ನೋಡಬೇಕು. ನ್ಯೂಯಾರ್ಕಿನ ಬೌವರಿ ಬೀದಿಯಲ್ಲಿ ಹಿಲಿ ಕ್ರಿಸ್ಟಲ್ 1973ರ ಕೊನೆಗೆ ತೆರೆದ ಸಿಬಿಜಿಬಿ ಎಂಬ ಕ್ಲಬ್ ಉದ್ದನೆಯ ಇಕ್ಕಟ್ಟಾದ ಕೋಣೆಯಾಗಿತ್ತು. ಮುನ್ನೂರು ಚಿಲ್ಲರೆ ಜನ ತುಂಬಿದರೆ ಉಸಿರಾಡುವುದೂ ಕಷ್ಟವಾಗುತ್ತಿತ್ತು. ರಮೋನ್ಸ್ ತಂಡ 1974ರಲ್ಲಿ ಅಲ್ಲಿ ಮೊದಲ ಬಾರಿಗೆ ನುಡಿಸಿತು. 1976ರ ಅದರ ಮೊದಲ ಆಲ್ಬಂ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಅದೇ ಕ್ಲಬ್ಬಿನಲ್ಲಿ ಬೆಳೆದ ಟಾಕಿಂಗ್ ಹೆಡ್ಸ್ ತಂಡದ ಡೇವಿಡ್ ಬರ್ನ್ 2012ರ ತಮ್ಮ ಪುಸ್ತಕದಲ್ಲಿ, ಸಂಗೀತಗಾರರು ಅರಿತೋ ಅರಿಯದೆಯೋ ತಮಗೆ ಸಿಕ್ಕ ಜಾಗಕ್ಕೆ ಹೊಂದುವಂಥ ಸಂಗೀತವನ್ನೇ ಕಟ್ಟುತ್ತಾರೆ, ಕಲ್ಲಿನ ಇಗರ್ಜಿಯಲ್ಲಿ ನಿಧಾನಸ್ವರದ ಹಾಡು ಹುಟ್ಟಿದ್ದಕ್ಕೂ ಕ್ಲಬ್ಬಿನಲ್ಲಿ ಚುರುಕಿನ ಹಾಡು ಹುಟ್ಟಿದ್ದಕ್ಕೂ ಅದೇ ಕಾರಣ ಎಂದು ವಾದಿಸಿದ್ದಾರೆ. ಇನ್ನು 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ತೂಲ್ಸ್ ತಂಡ ಹಾಡಿದಾಗ ಸೇರಿದ್ದವರು ಸುಮಾರು 40 ಮಂದಿ ಎಂದು ಸಾಮಾನ್ಯವಾಗಿ ಲೆಕ್ಕ ಹಾಕಲಾಗುತ್ತದೆ. ಮುಂದೆ ಜಾಯ್ ಡಿವಿಜನ್, ಸ್ಮಿತ್ಸ್ ಮುಂತಾದ ತಂಡಗಳನ್ನು ಕಟ್ಟಿದವರು ಆ ಸಣ್ಣ ಗುಂಪಿನಲ್ಲಿದ್ದರು. ಈ 40 ಎಂಬ ಸಂಖ್ಯೆ ಬೇರೊಂದು ದಾರಿಯಿಂದಲೂ ಎದುರಾಗುತ್ತದೆ.

ಮನುಷ್ಯರು ಪರಸ್ಪರ ಕಾಯ್ದುಕೊಳ್ಳುವ ಅಂತರಗಳನ್ನು ಅಭ್ಯಾಸ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಆ ಅಂತರಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಸುಮಾರು 3.6 ಮೀಟರಿನವರೆಗೆ ಇನ್ನೊಬ್ಬ ವ್ಯಕ್ತಿ ಮಾತುಕತೆಗೆ ಸಿಗುವವನಾಗಿಯೇ ಉಳಿಯುತ್ತಾನೆ. ಅದರಾಚೆ ಅವನು ಭಾಷಣಕಾರ, ನಟ, ಅಥವಾ ದೇವರ ಮೂರ್ತಿಯಂತೆ ನೋಡತಕ್ಕ ವಸ್ತುವಾಗುತ್ತಾನೆ. ಹಾಲ್ ಗಮನಿಸಿದ್ದು ಅಮೆರಿಕದ ನಗರವಾಸಿಗಳನ್ನು. ಜಾತ್ರೆಯ ಬಂಡಿಯಲ್ಲಿ ಒತ್ತಾಗಿ ಕೂರುವ ಜನಕ್ಕೆ ಈ ಗೆರೆ ಅಷ್ಟೇ ಖಚಿತವಾಗಿ ಅನ್ವಯಿಸಬೇಕೆಂದಿಲ್ಲ, ಆದರೂ ಲೆಕ್ಕಕ್ಕೆ ಒಂದು ಗೆರೆ ಬೇಕು. ಎರಡೂ ತೋಳು ಚಾಚಿದ ಉದ್ದ ಒಂದು ಮಾರು, ಅಂದರೆ ಸುಮಾರು ಆರು ಅಡಿ ಎಂದು ಎಣಿಸುವ ಹಳೆಯ ಅಳತೆಯಲ್ಲಿ ಈ 3.6 ಮೀಟರ್ ಸರಿಯಾಗಿ ಎರಡು ಮಾರು. ಹಾಡುಗಾರನ ಮುಂದೆ ಜನ ಅರ್ಧವೃತ್ತವಾಗಿ, ಚದರ ಮೀಟರಿಗೆ ಇಬ್ಬರಂತೆ ಕುಳಿತಿದ್ದಾರೆ ಎಂದುಕೊಂಡರೆ ಎರಡು ಮಾರಿನ ಅರ್ಧವೃತ್ತದ ವಿಸ್ತೀರ್ಣ ಸುಮಾರು 20 ಚದರ ಮೀಟರ್, ಅದರೊಳಗೆ ಹಿಡಿಯುವವರು 40 ಮಂದಿ.

ಸಭೆ ಎಷ್ಟೇ ದೊಡ್ಡದಾದರೂ ಈ 40 ಏರುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಭಜನೆಗೆ 60 ಜನ ಸೇರಿದ್ದರೆ ಮೂರರಲ್ಲಿ ಎರಡು ಪಾಲು ಮಂದಿ ಹಾಡುಗಾರನ ಮಾತಿನ ಅಂತರದಲ್ಲಿರುತ್ತಾರೆ. 400 ಜನರ ಸಭಾಂಗಣದಲ್ಲಿ ಹತ್ತಕ್ಕೊಬ್ಬರು. 30,000 ಜನರ ಮೈದಾನದಲ್ಲಿ ಸಾವಿರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ನುಡಿಸಿದಾಗ ಸಾವಿರಾರು ಜನರ ಪಾಲಿಗೆ ಸಂಗೀತಗಾರರು ದೊಡ್ಡ ಪರದೆಯ ಮೇಲಿನ ಚಿತ್ರವಾಗಿದ್ದುದು ಯಾರದೋ ಅಚಾತುರ್ಯವಲ್ಲ, ಅದು ರೇಖಾಗಣಿತ. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು. ಮೂರು ಮೀಟರಿನಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ, ನೂರು ಮೀಟರಿನಲ್ಲಿ ಸುಮಾರು ಮೂರು ಸೆಂಟಿಮೀಟರ್. ಹತ್ತಿರ ಕುಳಿತವನಿಗೆ ಹುಬ್ಬಿನ ಕುಣಿತ, ಉಸಿರೆಳೆಯುವಾಗ ಏಳುವ ಭುಜ, ಮರೆತ ಸಾಲನ್ನು ನೆನೆಯುವಾಗಿನ ತಡವರಿಕೆ ಎಲ್ಲ ಕಾಣುತ್ತವೆ. ನೂರು ಮೀಟರಿನಾಚೆ ಇಡೀ ಕಣ್ಣೇ ಒಂದು ಚುಕ್ಕೆ.

ದೂರದ ಇನ್ನೊಂದು ಪರಿಣಾಮ ಕಾಲಕ್ಕೆ ಸಂಬಂಧಿಸಿದ್ದು; ಇದು ಕಣ್ಣಿನದಕ್ಕಿಂತಲೂ ಗಂಭೀರ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮೀಟರ್ ದಾಟಲು ಅದಕ್ಕೆ ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಇಬ್ಬರು ಒಟ್ಟಿಗೆ ತಾಳ ಹಾಕುವಾಗ ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 25 ಮಿಲಿಸೆಕೆಂಡಿಗಿಂತ ತಡವಾಗಿ ತಲುಪಿದರೆ ಪ್ರತಿಯೊಬ್ಬರೂ ಮತ್ತೊಬ್ಬರಿಗಾಗಿ ಕಾಯತೊಡಗಿ ಲಯ ಎಳೆಯತೊಡಗುತ್ತದೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರ ಚಪ್ಪಾಳೆ ಪ್ರಯೋಗಗಳು ತೋರಿಸಿವೆ. 25 ಮಿಲಿಸೆಕೆಂಡಿನಲ್ಲಿ ದನಿ ಕ್ರಮಿಸುವ ದೂರ ಎಂಟೂವರೆ ಮೀಟರ್. ಗುಡಿಯ ಪಡಸಾಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದ್ದರಿಂದ ಅದರ ಯಾವ ಮೂಲೆಯಲ್ಲಿ ಕುಳಿತವನ ತಾಳವೂ ಇನ್ನೊಂದು ಮೂಲೆಯವನ ತಾಳದೊಂದಿಗೆ ಬೆರೆತು ಒಂದೇ ಹೊಡೆತವಾಗಿ ಕೇಳುತ್ತದೆ. ಐವತ್ತು ಜನರ ಭಜನೆ ಒಂದು ವಾದ್ಯದಂತೆ ನುಡಿಯಲು ಕಾರಣ ಭಕ್ತಿಯೊಂದೇ ಅಲ್ಲ. ಮೂವತ್ತು ಮೀಟರ್ ಹಿಂದಿನವರು ತಮಗೆ ಕೇಳಿದ ಲಯಕ್ಕೆ ಸರಿಯಾಗಿಯೇ ಚಪ್ಪಾಳೆ ತಟ್ಟಿದರೂ ಆ ಚಪ್ಪಾಳೆ ವೇದಿಕೆಗೆ ಮರಳುವ ಹೊತ್ತಿಗೆ ಹೋಗಿಬರುವ ದಾರಿಯಲ್ಲೇ 170 ಮಿಲಿಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ. ಮೈದಾನದ ಗಾಯಕರು ಜನರ ಚಪ್ಪಾಳೆಯನ್ನು ಕೇಳದಂತೆ ಕಿವಿಯೊಳಗೆ ಪುಟ್ಟ ಸ್ಪೀಕರ್ ತುರುಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಜನರೊಂದಿಗೆ ಹಾಡಲು ಬಂದವರು ಜನರಿಗೆ ಕಿವಿ ಮುಚ್ಚಿಕೊಳ್ಳಬೇಕಾದ ಸ್ಥಿತಿ ಅದು.

ಕೋಣೆಯ ಗೋಡೆಗಳ ಪಾತ್ರವನ್ನು ಅಳತೆಗೆ ತಂದವರು ಹಾರ್ವರ್ಡಿನ ಭೌತವಿಜ್ಞಾನಿ ವಾಲೆಸ್ ಸೇಬಿನ್. ಹೊಸದಾಗಿ ಕಟ್ಟಿದ ಫಾಗ್ ಉಪನ್ಯಾಸ ಭವನದಲ್ಲಿ ಮಾತೇ ಅರ್ಥವಾಗುತ್ತಿಲ್ಲ, ಸರಿಪಡಿಸಿ ಎಂದು 1895ರಲ್ಲಿ ವಿಶ್ವವಿದ್ಯಾಲಯ ಅವರಿಗೆ ಒಪ್ಪಿಸಿತು. ಪಕ್ಕದ ರಂಗಮಂದಿರದ ಕುರ್ಚಿಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು, ಆರ್ಗನ್ ಕೊಳವೆ ನುಡಿಸಿ, ದನಿ ಪೂರ್ತಿ ಅಡಗುವವರೆಗಿನ ಹೊತ್ತನ್ನು ಅವರು ಮತ್ತೆ ಮತ್ತೆ ಅಳೆದರು. ಮೂಲ ದನಿ ನಿಂತ ಮೇಲೂ ಗೋಡೆಯಿಂದ ಗೋಡೆಗೆ ಪುಟಿಯುತ್ತ ಉಳಿಯುವ ಗುಂಯ್‌ಗುಡುವಿಕೆಗೆ ಅನುರಣನ ಎಂದು ಹೆಸರು. ಕೋಣೆಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಕೋಣೆಯಲ್ಲಿ ದನಿಯನ್ನು ಹೀರಿಕೊಳ್ಳುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ ಎಂಬುದು ಅವರ ಸೂತ್ರ. ಹೀರಿಕೆಯ ಮಾನ ತೆರೆದ ಕಿಟಕಿ, ಏಕೆಂದರೆ ಅದರಿಂದ ಹೊರಹೋದ ದನಿ ಮರಳುವುದಿಲ್ಲ. ಬಟ್ಟೆ ತೊಟ್ಟು ಕುಳಿತ ಒಬ್ಬ ಮನುಷ್ಯ ಅರ್ಧ ಚದರ ಮೀಟರಿಗಿಂತ ತುಸು ಕಡಿಮೆ ಕಿಟಕಿಗೆ ಸಮ.

ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಪಡಸಾಲೆಯನ್ನು ಊಹಿಸಿಕೊಳ್ಳಬಹುದು. ಅದರ ಘನ ಅಳತೆ 144 ಘನ ಮೀಟರ್. ನೆಲ, ಗೋಡೆ, ಚಾವಣಿ ಸೇರಿ ಹೀರುವುದು ಒಂಬತ್ತು ಚದರ ಮೀಟರಿನಷ್ಟು ಎಂದಿಟ್ಟುಕೊಂಡರೆ ಖಾಲಿ ಪಡಸಾಲೆಯ ಅನುರಣನ ಎರಡೂವರೆ ಸೆಕೆಂಡಿಗೂ ಮಿಕ್ಕುತ್ತದೆ, ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತದೆ. 40 ಜನ ಬಂದು ಕುಳಿತರೆ ಅವರೇ 18 ಚದರ ಮೀಟರ್ ಹೀರಿಕೆಯನ್ನು ಕೂಡಿಸುತ್ತಾರೆ, ಅನುರಣನ ಸುಮಾರು 0.85 ಸೆಕೆಂಡಿಗೆ ಇಳಿಯುತ್ತದೆ, ಪದದ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಣ್ಣ ಕೋಣೆಯನ್ನು ಸಂಗೀತಕ್ಕೆ ಹದಗೊಳಿಸುವವರು ಕೇಳುಗರೇ, ಅದೂ ಕೇವಲ ಹಾಜರಿಯಿಂದ. ಮೇಲಾಗಿ ಇಷ್ಟು ಚಿಕ್ಕ ಜಾಗದಲ್ಲಿ ಗೋಡೆಯಿಂದ ಮೊದಲ ಸಲ ಪುಟಿದ ದನಿ 30 ಮಿಲಿಸೆಕೆಂಡಿನೊಳಗೇ ಕಿವಿ ತಲುಪುತ್ತದೆ. ಅಷ್ಟು ಬೇಗ ಬಂದದ್ದನ್ನು ಮಿದುಳು ಪ್ರತಿಧ್ವನಿಯೆಂದು ಎಣಿಸದೆ ಮೂಲ ದನಿಗೇ ಸೇರಿಸಿಕೊಳ್ಳುವುದರಿಂದ ಮೈಕಿಲ್ಲದ ಕಂಠವೂ ತುಂಬಿ ಕೇಳುತ್ತದೆ.

ಈಚೆಗೆ ಊರೂರಿಗೂ ಎದ್ದಿರುವ ಸಮುದಾಯ ಭವನಗಳು ಈ ಲೆಕ್ಕಕ್ಕೆ ತದ್ವಿರುದ್ಧ. ಆರ್‌ಸಿಸಿ ಚಾವಣಿ, ನುಣುಪು ಟೈಲ್ಸಿನ ನೆಲ, ಸುಣ್ಣ ಬಳಿದ ಬರಿಗೋಡೆಗಳ ನಡುವೆ ದನಿ ಹೀರುವ ವಸ್ತುವೇ ಇಲ್ಲ. ಮಾತು ಕೇಳುತ್ತಿಲ್ಲವೆಂದು ಮೈಕಿನ ದನಿಯೇರಿಸುತ್ತಾರೆ, ಅನುರಣನವೂ ಅಷ್ಟೇ ಏರುತ್ತದೆ, ಕೇಳಿಸದಿರುವಿಕೆ ಹಾಗೆಯೇ ಉಳಿಯುತ್ತದೆ. ಡೆನ್ಮಾರ್ಕಿನ ಇಪ್ಪತ್ತು ರಾಕ್ ಸಂಗೀತ ಸಭಾಂಗಣಗಳನ್ನು ಅಳೆದು ನೀಲ್ಸ್ ಅಡೆಲ್‌ಮನ್-ಲಾರ್ಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಸಂಗೀತಗಾರರು ಮೆಚ್ಚುವ ಜಾಗಗಳ ಅನುರಣನ ಕಿರಿದು, ಅದರಲ್ಲೂ ತಗ್ಗಿನ ಸ್ವರಗಳಲ್ಲಿ ಕಿರಿದು ಎಂದು ತೋರಿಸಿತು. ಜನರ ಮೈ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ, ಡ್ರಮ್ಮಿನ ದುಂ ಎಂಬ ತಗ್ಗಿನ ದನಿಯನ್ನು ಅಷ್ಟಾಗಿ ಹೀರುವುದಿಲ್ಲ. ಪಂಕಿನಂಥ ಬಿರುಸಿನ ಲಯದಲ್ಲಿ ಒಂದು ಹೊಡೆತದ ಬಾಲ ಮುಂದಿನ ಹೊಡೆತದ ತಲೆಗೆ ತಾಗಿದರೆ ಉಳಿಯುವುದು ಬರೀ ಗದ್ದಲ.

ಗದ್ದಲವೇ ಪಂಕಿನ ಗುರಿಯಲ್ಲವೇ ಎಂದು ಕೇಳಬಹುದು. ಸದ್ದಿನ ಮಟ್ಟ ಅದಕ್ಕೆ ಬೇಕು, ನಿಜ. ತೆರೆದ ಜಾಗದಲ್ಲಿ ದೂರ ಇಮ್ಮಡಿಸಿದಂತೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಿಂದ 64 ಮೀಟರಿಗೆ ಹೋದರೆ 30 ಡೆಸಿಬೆಲ್ ನಷ್ಟ, ಅಂದರೆ ಶಕ್ತಿಯಲ್ಲಿ ಉಳಿಯುವುದು ಸಾವಿರದಲ್ಲೊಂದು ಪಾಲು. ಒಳಕಿವಿಯಲ್ಲಿ ಕೇಳುವ ಅಂಗದ ಮಗ್ಗುಲಲ್ಲೇ ದೇಹದ ಸಮತೋಲನವನ್ನು ಕಾಯುವ ಅಂಗವಿದೆ. ಅದರ ಒಂದು ಚೀಲ ಸುಮಾರು 90 ಡೆಸಿಬೆಲ್ ದಾಟಿದ ತಗ್ಗಿನ ಸದ್ದಿಗೂ ಸ್ಪಂದಿಸುತ್ತದೆ, ತೂಗುಯ್ಯಾಲೆಯಲ್ಲಿ ಸಿಗುವ ಸುಖಕ್ಕೆ ಹತ್ತಿರವಾದದ್ದನ್ನು ಅದು ಕೊಡುತ್ತಿರಬಹುದು ಎಂದು ಮ್ಯಾಂಚೆಸ್ಟರಿನ ನೀಲ್ ಟಾಡ್ ಮತ್ತು ಫ್ರೆಡರಿಕ್ ಕೋಡಿ 2000ದಲ್ಲಿ ವಾದಿಸಿದರು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಛೇರಿಯಲ್ಲಿ, ಕಿವಿಗೆ ಗೊತ್ತೇ ಆಗದಷ್ಟು ತಗ್ಗಿನ ಕಂಪನವನ್ನು ಆಗಾಗ ಹಾಕಿ ತೆಗೆದಾಗ, ಅದು ಇದ್ದ ಹೊತ್ತಿನಲ್ಲಿ ಜನ ಸುಮಾರು ಶೇಕಡಾ 12ರಷ್ಟು ಹೆಚ್ಚು ಕುಣಿದರು. 2022ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ ಸಂಗೀತದ ಒಂದು ಭಾಗವನ್ನು ಮೈ ಕೇಳುತ್ತದೆ. ಆದರೆ ಕಿವಿಗೆ ಇದರ ಬೆಲೆ ಇದೆ. ದಿನಕ್ಕೆ ಎಂಟು ಗಂಟೆ ತಡೆಯಬಹುದಾದ ಮಟ್ಟ 85 ಡೆಸಿಬೆಲ್ ಎಂದಾದರೆ ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ, ನೂರರಲ್ಲಿ ಉಳಿಯುವುದು ಕಾಲು ಗಂಟೆ. ಸಣ್ಣ ಕೋಣೆಯಲ್ಲಿ ಡ್ರಮ್ಮಿಗೆ ಮೈಕೇ ಬೇಕಿಲ್ಲ, ಬರಿಯ ಹೊಡೆತವೇ ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ.

ಗುಂಪಿನ ಚಲನೆಯೂ ಜಾಗದ ಅಳತೆಯ ಮಾತೇ. ಪಂಕ್ ಮತ್ತು ಹೆವಿ ಮೆಟಲ್ ಕಛೇರಿಗಳಲ್ಲಿ ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ಜಾಗಕ್ಕೆ ಮಾಷ್ ಪಿಟ್ ಎನ್ನುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೆಸ್ಸಿ ಸಿಲ್ವರ್‌ಬರ್ಗ್ ಮತ್ತು ಸಂಗಡಿಗರು ಇಂಥ ಕುಣಿತದ ವಿಡಿಯೊಗಳಿಂದ ಪ್ರತಿಯೊಬ್ಬರ ವೇಗವನ್ನು ಅಳೆದು, ಆ ವೇಗಗಳ ಹಂಚಿಕೆ ಡಬ್ಬಿಯಲ್ಲಿಟ್ಟ ಅನಿಲದ ಕಣಗಳ ಹಂಚಿಕೆಯನ್ನೇ ಹೋಲುತ್ತದೆ ಎಂದು 2013ರಲ್ಲಿ ತೋರಿಸಿದರು. ಅದೇ ಗುಂಪು ಕೆಲವೊಮ್ಮೆ ತಾನಾಗಿ ಸುಳಿಯಂತೆ ವೃತ್ತಾಕಾರವಾಗಿ ಓಡತೊಡಗುತ್ತದೆ. ಆ ಸುಳಿಗಳಲ್ಲಿ ಬಹುಪಾಲು ಅಪ್ರದಕ್ಷಿಣವಾಗಿ ತಿರುಗುತ್ತವೆ. ಉತ್ತರ ಕರ್ನಾಟಕದ ಮೊಹರಂನಲ್ಲಿ ಹಿಂದೂ ಮುಸ್ಲಿಮರೆನ್ನದೆ ಊರವರು ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುವುದನ್ನು ಬಲ್ಲವರಿಗೆ ವೃತ್ತದ ಈ ಸೆಳೆತ ಹೊಸದಲ್ಲ. ಮೊಹರಂನ ಹೆಜ್ಜೆಗೆ ಹಲಗೆಯ ಗತ್ತು, ರಿವಾಯತ್ ಪದದ ಕಟ್ಟು ಇದೆ. ಮಾಷ್ ಪಿಟ್ಟಿಗೆ ಇರುವುದು ಬಿದ್ದವನನ್ನು ತಕ್ಷಣ ಎತ್ತಬೇಕು ಎಂಬ ಬಾಯಿಮಾತಿನ ಒಪ್ಪಂದವೊಂದೇ. ಮುಖ ಕಾಣುವಷ್ಟು ಜನರಿರುವಾಗ ಆ ಒಪ್ಪಂದ ನಡೆಯುತ್ತದೆ. ದೊಡ್ಡ ಮೈದಾನದ ಮುಂಭಾಗದಲ್ಲಿ ಒಂದು ಚದರ ಮೀಟರಿಗೆ ಆರೇಳು ಜನ ಒತ್ತಿಕೊಂಡರೆ ಗುಂಪು ದ್ರವದಂತೆ ಅಲೆಯಾಗಿ ತೂಗಾಡತೊಡಗುತ್ತದೆ, ಅಲ್ಲಿ ಬಿದ್ದವನನ್ನು ಎತ್ತುವ ಮನಸ್ಸಿದ್ದವನಿಗೂ ಬಗ್ಗಲು ಜಾಗವಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬಯಲಿಗೆ ಅನ್ಯಾಯವಾಗಬಾರದು. ದೊಡ್ಡಾಟ ಕಿರುಜಾಗದ ಗುಣಗಳನ್ನು ಬೆನ್ನಟ್ಟುವುದಿಲ್ಲ, ಬಯಲಿನ ಕೊರತೆಗಳಿಗೆ ಬೇರೆ ಉಪಾಯ ಹೂಡುತ್ತದೆ. ಮುಖಭಾವ ದೂರಕ್ಕೆ ಕಾಣದಿದ್ದರೆ ಕಿರೀಟ, ಭುಜಕೀರ್ತಿ, ಬಣ್ಣದ ಗೆರೆಗಳು ಕಾಣುತ್ತವೆ. ಪುಟಿದು ಮರಳಲು ಗೋಡೆಯಿಲ್ಲದಿದ್ದರೆ ಹಿಮ್ಮೇಳದವರು ಸಾಲನ್ನು ಎತ್ತಿಕೊಂಡು ಮರಳಿ ಹಾಡುತ್ತಾರೆ. ಮುಖವೀಣೆಯ ತೀಕ್ಷ್ಣ ಸ್ವರ ಮದ್ದಳೆಯ ಸದ್ದನ್ನು ಸೀಳಿ ಹೊರಡುತ್ತದೆ, ಅಟ್ಟದ ಹಲಗೆಯ ಮೇಲೆ ಬೀಳುವ ಗೆಜ್ಜೆಗಾಲು ತಾನೇ ತಾಳವಾದ್ಯವಾಗುತ್ತದೆ. ಇರುಳೂ ಸಹಕರಿಸುತ್ತದೆ. ಹಗಲಲ್ಲಿ ಕಾದ ಎರೆನೆಲ ಮೋಡವಿಲ್ಲದ ರಾತ್ರಿಯಲ್ಲಿ ಬೇಗ ತಣಿದು ತನಗೆ ತಾಗಿದ ಗಾಳಿಯನ್ನೂ ತಣಿಸುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಇದನ್ನು ಉಷ್ಣತೆಯ ವಿಲೋಮ ಎನ್ನುತ್ತಾರೆ. ಬೆಚ್ಚನೆಯ ಗಾಳಿಯಲ್ಲಿ ದನಿಯ ವೇಗ ಹೆಚ್ಚು, ಡಿಗ್ರಿಯೊಂದಕ್ಕೆ ಸೆಕೆಂಡಿಗೆ ಸುಮಾರು 0.6 ಮೀಟರ್. ಆಕಾಶಕ್ಕೆ ಏರುತ್ತಿದ್ದ ದನಿಯ ಅಲೆಯ ಮೇಲಿನ ಅಂಚು ಮುಂದೋಡಿ, ಅಲೆ ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಹಗಲಲ್ಲಿ ಊರ ಅಂಚಿಗೇ ಅಡಗುವ ಮದ್ದಳೆ ನಡುರಾತ್ರಿ ಆಚೆಯೂರಿಗೆ ಕೇಳುವುದು ಹೀಗೆ.

ಆಪ್ತತೆ ಸಣ್ಣ ಗುಂಪಿನ ಸ್ವತ್ತಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಲಂಡನ್ನಿನ ಒಂದು ಮೇಳಗಾನ ಸಂಸ್ಥೆಯ ಗಾಯಕರು ವಾರವಾರ 20ರಿಂದ 80 ಮಂದಿಯ ಗುಂಪುಗಳಲ್ಲಿ ಹಾಡುತ್ತ, ಆಗಾಗ 232 ಮಂದಿ ಒಟ್ಟುಗೂಡುತ್ತಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಾಡಿದ ಬಳಿಕ ನೋವು ತಾಳುವ ಶಕ್ತಿ ಎರಡು ಕಡೆಯೂ ಏರಿತು, ಆದರೆ ಪರಸ್ಪರ ನಂಟಿನ ಭಾವ ಹೆಚ್ಚು ಏರಿದ್ದು ಅಷ್ಟಾಗಿ ಪರಿಚಯವಿಲ್ಲದ ದೊಡ್ಡ ಗುಂಪಿನಲ್ಲಿ. ಅವರೆಲ್ಲರೂ ಹಾಡುತ್ತಿದ್ದರು, ಯಾರೂ ಬರೀ ಕೇಳುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಬರೀ ಕೇಳುವವರ ಮಾತು ಬೇರೆ. ಗದಗ ಸೀಮೆಯ ಖಯಾಲ್ ಗಾಯಕ ಭೀಮಸೇನ ಜೋಶಿ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಮಹೋತ್ಸವ ಸಾವಿರಾರು ಜನರ ಸಭೆಯಾಗಿ ಬೆಳೆಯಿತು. ಅದೇ ಗುರುವಿನ ಪುಣ್ಯತಿಥಿಯ ಸಂಗೀತ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಕಂಬಗಳ ನಡುವೆ ನೆಲದ ಮೇಲೆ ಕುಳಿತವರ ಮುಂದೆಯೂ ನಡೆದುಬಂದಿದೆ. ಒಂದೇ ಖಯಾಲಿನ ಆಲಾಪ ಮೊದಲನೆಯದರಲ್ಲಿ ಸ್ಪೀಕರಿನ ಮೂಲಕ, ಎರಡನೆಯದರಲ್ಲಿ ಉಸಿರಿನ ಸದ್ದಿನೊಂದಿಗೆ ತಲುಪುತ್ತದೆ, ಕೇಳುಗನ ಬಾಯಿಂದ ಹೊರಟ ‘ವ್ಹಾ’ ಮುಂದಿನ ತಾನಿನೊಳಗೆ ಸೇರುತ್ತದೆ.

ರೋಣ ಸೀಮೆಯ ಗುಡಿಗಳಲ್ಲಿ ಈಗ ಎರಡೂ ಜಾಗಗಳು ಏಕಕಾಲಕ್ಕೆ ಇವೆ. ಒಳಗೆ ಪಡಸಾಲೆಯಲ್ಲಿ ಭಜನೆ ನಡೆಯುವಾಗಲೇ ಮೇಲೆ ಕಟ್ಟಿದ ಹಾರ್ನ್ ಸ್ಪೀಕರ್ ಅದನ್ನು ಊರಿಗೆಲ್ಲ ಹರಡುತ್ತದೆ. ಆ ತಗಡಿನ ಕಹಳೆ ತಗ್ಗಿನ ಸ್ವರಗಳನ್ನು ಹೊರಡಿಸಲಾರದಾದ್ದರಿಂದ ತಬಲಾದ ಎಡಗೈ ಹೊಡೆತ ಒಳಗೇ ಉಳಿಯುತ್ತದೆ, ಹೊರಗೆ ಹೋಗುವುದು ತಾಳದ ಕಿಣಿಕಿಣಿಯೂ ಕಂಠದ ಮೇಲಿನ ಭಾಗವೂ ಮಾತ್ರ. ಒಳಗೆ ಹತ್ತು ಮಿಲಿಸೆಕೆಂಡಿನಲ್ಲಿ ಜೊತೆಗಾರನ ಕಿವಿ ಮುಟ್ಟಿದ ತಾಳ ಅರ್ಧ ಕಿಲೋಮೀಟರ್ ಆಚೆ ಹೊಳೆದಂಡೆಯ ಹೊಲದಲ್ಲಿ ನೀರು ಕಟ್ಟುತ್ತಿರುವವನಿಗೆ ಒಂದೂವರೆ ಸೆಕೆಂಡ್ ಕಳೆದು ಕೇಳುತ್ತದೆ. ಅವನೂ ಪಲ್ಲವಿಗೆ ದನಿಗೂಡಿಸುತ್ತಾನೆ, ಅಷ್ಟರಲ್ಲಿ ಪಡಸಾಲೆಯವರು ಮುಂದಿನ ನುಡಿಗೆ ಹೋಗಿರುತ್ತಾರೆ.